ಮೂಳೆಗಳ ನಡುವಿನ ಕತ್ತದ ಬಳ್ಳಿ

ಕಳೆದ ಆಟಿಯಲ್ಲಿ ತೋಟದ ಸಂಕ ದಾಟುವಾಗ ನನ್ನ ಕಾಲು ಜಾರಿತು. ಬದಿಯಡ್ಕದ ಕಡೆಯ ತೋಟಗಳಲ್ಲಿ ಇರುವಂಥದ್ದೇ, ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಮೇಲೆಲ್ಲ ಹಾವಸೆ ಕಟ್ಟಿತ್ತು. ಪಾದ ಒಳಕ್ಕೆ ಮಡಚಿತು, ಸಂಜೆಯೊಳಗೆ ಗಂಟು ಊದಿಕೊಂಡಿತು. ಎಕ್ಸ್‌ರೇ ನೋಡಿದ ಡಾಕ್ಟರು, "ಎಲುಬಿಗೆ ಏನೂ ಆಗಿಲ್ಲ, ಲಿಗಮೆಂಟಿಗೆ ಪೆಟ್ಟಾಗಿದೆ" ಎಂದರು. ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಮೂರು ತಿಂಗಳಾದರೂ ಗುಡ್ಡೆ ಇಳಿಯುವಾಗ ನೋವು ಹೋಗಲಿಲ್ಲ.

ಮೂಳೆಗೂ ಮೂಳೆಗೂ ನಡುವೆ ಕಟ್ಟಿದ ಹಗ್ಗವೇ ಲಿಗಮೆಂಟು. ಮಾಂಸಖಂಡವನ್ನು ಮೂಳೆಗೆ ಕಟ್ಟಿದ್ದು ಸ್ನಾಯುರಜ್ಜು. ರಜ್ಜು ಅಂದರೂ ಹಗ್ಗವೇ ಅಲ್ವಾ? ಇವೆರಡೂ ಸಂಯೋಜಕ ಅಂಗಾಂಶದ, ಅಂದರೆ ಮೈಯ ಭಾಗಗಳನ್ನು ಜೋಡಿಸಿ ಹಿಡಿಯುವ ವಸ್ತುಗಳ ಕುಟುಂಬಕ್ಕೆ ಸೇರಿದವು. ಮೂಳೆ, ಮೃದ್ವಸ್ಥಿ (ಕಿವಿಯಲ್ಲಿರುವಂಥ ಮೆದು ಎಲುಬು), ಕೊಬ್ಬು, ಚರ್ಮದ ಒಳಪದರ, ಕೊನೆಗೆ ರಕ್ತ ಕೂಡ ಇದೇ ಕುಟುಂಬದ್ದು. ಕೊಬ್ಬನ್ನು ಬಿಟ್ಟರೆ ಇವುಗಳಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುವುದಿಲ್ಲ. ದೂರ ದೂರ ಇರುತ್ತವೆ. ನಡುವಿನ ಜಾಗದಲ್ಲಿ ತುಂಬಿರುವ ವಸ್ತುವೇ ಇಲ್ಲಿ ಮುಖ್ಯ. ಅದು ಮೂಳೆಯಲ್ಲಿ ಗಟ್ಟಿ, ರಕ್ತದಲ್ಲಿ ನೀರು, ಲಿಗಮೆಂಟಿನಲ್ಲಿ ನಾರು.

ಆ ನಾರಿನ ಹೆಸರು ಕೊಲಾಜನ್. ನಮ್ಮ ಮೈಯ ಪ್ರೋಟೀನಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇದೇ. ಯಕ್ಷಗಾನದ ಚೆಂಡೆ, ಮದ್ದಳೆಗೆ ಬಿಗಿಯುವ ಚರ್ಮವೂ ಹೆಚ್ಚುಕಡಿಮೆ ಪೂರ್ತಿ ಕೊಲಾಜನ್ನೇ. ಮಳೆಗಾಲದಲ್ಲಿ ಅದು ತೇವ ಹೀರಿಕೊಂಡು ಸಡಿಲವಾಗುತ್ತದೆ, ಬಿಸಿ ತಾಗಿಸಿದರೆ ಮತ್ತೆ ಬಿಗಿಯಾಗುತ್ತದೆ.

ಇದರ ಒಳರಚನೆ ಬಿಡಿಸಿದ್ದು ನಮ್ಮ ಕಡೆಯವರೇ ಎಂಬುದು ನನಗೆ ತುಂಬ ಖುಷಿಯ ವಿಷಯ. ವಿಜ್ಞಾನಿ ಜಿ. ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಳಂನಲ್ಲಿ ಹುಟ್ಟಿದವರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಗೋಪಿನಾಥ ಕರ್ತಾ ಜೊತೆ ಸೇರಿ ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್‌ರೇ ಚಿತ್ರಗಳನ್ನು ಅಧ್ಯಯನ ಮಾಡಿದರು. ಕೊಲಾಜನ್ ಮೂರು ಎಳೆಗಳದ್ದು ಎಂದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಆ ಮಾದರಿಯನ್ನು ಇನ್ನೂ ತಿದ್ದಿದರು.

ಕತ್ತದ ಬಳ್ಳಿ ಹೊಸೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೆಂಗಿನ ನಾರನ್ನು ಒಂದು ಕಡೆಗೆ ತಿರುಚಿ ಎಳೆ ಮಾಡುತ್ತಾರೆ. ಆಮೇಲೆ ಆ ಎಳೆಗಳನ್ನು ಒಟ್ಟಿಗೆ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಹಾಗಾಗಿ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜನ್ನಿನಲ್ಲೂ ಒಂದೊಂದು ಎಳೆ ಎಡಕ್ಕೆ ತಿರುಚಿದೆ, ಮೂರೂ ಸೇರಿ ಬಲಕ್ಕೆ ಸುತ್ತಿಕೊಂಡಿವೆ. ಒಂದೊಂದು ಎಳೆಯೂ ಅಮೈನೋ ಆಮ್ಲ ಎಂಬ ಸಣ್ಣ ಕೊಂಡಿಗಳ ಸರಪಳಿ. ಅದರಲ್ಲಿ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು ಅದು. ಹಗ್ಗದ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗ ಸಾಲದು. ಒಂದು ಗ್ಲೈಸಿನ್ ಬದಲಾದರೂ ಸಾಕು, ಸುಮ್ನೆ ಎಡವಿದರೂ ಮೂಳೆ ಮುರಿಯುವಂಥ ಕಾಯಿಲೆ ಬರಬಹುದು.

ಈ ಹೊಸೆತ ಬಿಗಿಯಾಗಿ ನಿಲ್ಲಲು ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಅದು ಸಿಗುತ್ತಿರಲಿಲ್ಲ. ವಸಡಿನಿಂದ ರಕ್ತ ಬರುತ್ತಿತ್ತು, ಎಂದೋ ಮಾಗಿದ ಗಾಯಗಳೂ ಬಾಯಿ ಬಿಡುತ್ತಿದ್ದವು. ಅಂದರೆ ಹಳೇ ಗಾಯದ ಕಲೆಯಲ್ಲೂ ನಾರು ಸವೆಯುತ್ತಾ, ಹೊಸದಾಗಿ ಹುಟ್ಟುತ್ತಾ ಇರುತ್ತದೆ! ನಮಗೆ ನೆಲ್ಲಿಕಾಯಿ, ಪೇರಳೆ ಅಂಗಳದಲ್ಲೇ ಇವೆ. ಇನ್ನು ಅಂಗಡಿಯಲ್ಲಿ ಸಿಗುವ ಕೊಲಾಜನ್ ಪುಡಿ ಕುಡಿದರೆ ಅದು ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆ, ಕರುಳು ಅದನ್ನೂ ಬೇರೆ ಪ್ರೋಟೀನಿನಂತೆಯೇ ತುಂಡು ಮಾಡುತ್ತವೆ. ಅಷ್ಟು ದುಡ್ಡಿಗೆ ಬೇಳೆ, ಮೊಟ್ಟೆ, ಹಣ್ಣು ಜಾಸ್ತಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮತ್ತೆ ನನ್ನ ಕಾಲಿನ ವಿಷಯ. ಮೂಳೆಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಅದು ಬೇಗ ಕೂಡುತ್ತದೆ. ಲಿಗಮೆಂಟಿಗೆ ರಕ್ತ ಕಡಿಮೆ, ರಿಪೇರಿ ಮಾಡುವ ಜೀವಕೋಶಗಳೂ ಕಡಿಮೆ. ಪೆಟ್ಟಾದ ಜಾಗದಲ್ಲಿ ಮೊದಲು ಹುಟ್ಟುವ ನಾರು ಗುಡ್ಡೆ ಹಾಕಿದ ಕತ್ತದಂತೆ ಅಡ್ಡಾದಿಡ್ಡಿ ಇರುತ್ತದೆ. ಮಿತವಾಗಿ ಎಳೆತ ಬಿದ್ದಾಗ ಆ ಜೀವಕೋಶಗಳಿಗೆ ದಿಕ್ಕು ಗೊತ್ತಾಗುತ್ತದೆ, ನಾರನ್ನು ಎಳೆತದ ಉದ್ದಕ್ಕೆ ಜೋಡಿಸುತ್ತವೆ. ಪೂರ್ತಿ ಮಲಗಿಬಿಟ್ಟರೆ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಅದಕ್ಕೇ ಡಾಕ್ಟರು ನನಗೆ ಒಂಟಿ ಕಾಲಲ್ಲಿ ನಿಲ್ಲಲು ಹೇಳಿದ್ದು. ಈಗ ದಿನಾ ಬೆಳಿಗ್ಗೆ ಜಗಲಿಯ ಕಂಬ ಹಿಡಿದು ನಿಲ್ಲುತ್ತೇನೆ. ನಿನ್ನೆ ಕಂಬ ಬಿಟ್ಟು ಇಪ್ಪತ್ತರವರೆಗೆ ಎಣಿಸಿದೆ.