ತಿಂಗಳಿಗೆ ಉಳಿಯುವುದೇ ಒಂದು ಸಾವಿರ; ಮುಪ್ಪಿಗೆ ಸಾಕಾದೀತೇ?

ಪ್ರಶ್ನೆ: ನನಗೆ 30 ವರ್ಷ. ಅಂಗಡಿಯಲ್ಲಿ ಕೆಲಸ. ಪಿಎಫ್ ಇಲ್ಲ, ಆದಾಯ ತೆರಿಗೆ ಕಟ್ಟುವಷ್ಟು ಸಂಬಳವೂ ಇಲ್ಲ. ಖರ್ಚೆಲ್ಲ ಕಳೆದು ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ. ವಯಸ್ಸಾದ ಮೇಲಿನ ಕಾಲಕ್ಕೆ ಅದನ್ನು ಎಲ್ಲಿ ಹಾಕಲಿ?

ಉತ್ತರ: ಎರಡು ಕಡೆ ಹಾಕಿ. ಅಟಲ್ ಪಿಂಚಣಿ ಯೋಜನೆಗೆ 577 ರೂಪಾಯಿ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ; ಸಂಬಳದ ಪಿಎಫ್ ಅಲ್ಲ, 15 ವರ್ಷದ ಸರ್ಕಾರಿ ಉಳಿತಾಯ ಯೋಜನೆ) ಖಾತೆಗೆ 400.

ಅಟಲ್ ಪಿಂಚಣಿಗೆ 18ರಿಂದ 40 ವರ್ಷದೊಳಗಿನವರು ಉಳಿತಾಯ ಖಾತೆ ಇರುವ ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲೇ ಸೇರಬಹುದು. ಆದಾಯ ತೆರಿಗೆ ಪಾವತಿದಾರರಿಗೆ 2022ರ ಅಕ್ಟೋಬರ್ 1ರಿಂದ ಪ್ರವೇಶವಿಲ್ಲ. ನಿಮಗೆ ಆ ತೊಡಕಿಲ್ಲ. 30ನೇ ವಯಸ್ಸಿಗೆ ಸೇರಿ ತಿಂಗಳಿಗೆ 577 ಕಟ್ಟಿದರೆ 60ರಿಂದ ಬದುಕಿರುವವರೆಗೆ ತಿಂಗಳಿಗೆ 5,000 ರೂಪಾಯಿ ಬರುತ್ತದೆ. ನಿಮ್ಮ ನಂತರ ಅಷ್ಟೇ ಮೊತ್ತ ಸಂಗಾತಿಗೆ, ಇಬ್ಬರೂ ಇಲ್ಲವಾದರೆ ನಾಮಿನಿಗೆ 8.5 ಲಕ್ಷ. ಇದೇ ಪಿಂಚಣಿಗೆ 35ರಲ್ಲಿ ಸೇರುವವರು 902, 40ರಲ್ಲಿ ಸೇರುವವರು 1,454 ಕಟ್ಟಬೇಕು. ಸೇರಿದಾಗಿನ ಕಂತು ಕೊನೆಯವರೆಗೂ ಏರುವುದಿಲ್ಲ, ಆದ್ದರಿಂದ ಸಂಬಳ ಹೆಚ್ಚಲಿ ಅಂತ ಕಾಯುವುದು ದುಬಾರಿ.

ಆದರೆ ಆ 5,000 ಕೂಡ ಏರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಇಂದು ಸುಮಾರು 870 ರೂಪಾಯಿಗೆ ಸಿಗುವಷ್ಟೇ ಸಾಮಾನು 30 ವರ್ಷದ ನಂತರ 5,000ಕ್ಕೆ ಸಿಗುತ್ತದೆ. ಅಟಲ್ ಪಿಂಚಣಿಯೊಂದನ್ನೇ ನಂಬಿ ಕೂರಬೇಡಿ ಎನ್ನುವುದು ಇದಕ್ಕೇ.

ಪಿಪಿಎಫ್‌ನಲ್ಲಿ ವರ್ಷಕ್ಕೆ ಕನಿಷ್ಠ 500 ಕಟ್ಟಿದರೂ ಖಾತೆ ಜೀವಂತ. ತಪ್ಪಿದರೆ ಖಾತೆ ನಿಷ್ಕ್ರಿಯವಾಗುತ್ತದೆ; ಬಿಟ್ಟುಹೋದ ಪ್ರತಿ ವರ್ಷಕ್ಕೆ 500ರ ಜೊತೆ 50 ರೂಪಾಯಿ ದಂಡ ಕಟ್ಟಿ ಮತ್ತೆ ಚಾಲೂ ಮಾಡಿಸಬೇಕು. ಬಡ್ಡಿ ಲೆಕ್ಕ ಹಾಕುವುದು 5ನೇ ತಾರೀಕಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. 6ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಸಂಬಳ 7ಕ್ಕೆ ಬರುತ್ತದೆಯೇ? ಹಾಗಾದರೆ ಈ ತಿಂಗಳ ಹಣ ಉಳಿತಾಯ ಖಾತೆಯಲ್ಲೇ ಇರಲಿ, ಮುಂದಿನ ತಿಂಗಳ 5ರೊಳಗೆ ಕಟ್ಟಿ. ಬಡ್ಡಿ ದರ ಶೇ. 7.1 ಎಂದು ಹಿಡಿದರೆ ತಿಂಗಳಿಗೆ 400ರಂತೆ 30 ವರ್ಷಕ್ಕೆ ಸುಮಾರು 4.8 ಲಕ್ಷವಾಗುತ್ತದೆ, ನಿಮ್ಮ ಕೈಯಿಂದ ಹೋದದ್ದು 1.44 ಲಕ್ಷ. ಹತ್ತು ವರ್ಷ ತಡವಾಗಿ ಶುರುಮಾಡಿ 20 ವರ್ಷ ಕಟ್ಟಿದರೆ ಸಿಗುವುದು ಬರೀ 2 ಲಕ್ಷದಷ್ಟು. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಾಗಾಗಿ ಇದು ಅಂದಾಜು ಮಾತ್ರ. ಸಂಬಳ ಏರಿದಾಗಲೆಲ್ಲ ಈ 400ನ್ನೇ ಏರಿಸಿ.

ಹೆಚ್ಚಿನವರು ಎಡವುವುದು ಆಟೊ ಡೆಬಿಟ್‌ನಲ್ಲಿ, ಅಂದರೆ ಅಟಲ್ ಕಂತು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವಲ್ಲಿ. ಖಾತೆಯಲ್ಲಿ ಹಣವಿಲ್ಲದೆ ಅಟಲ್ ಕಂತು ತಪ್ಪಿದರೆ ದಂಡ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಅಂದರೆ 577ಕ್ಕೆ 6. ದಂಡ ಚಿಲ್ಲರೆಯೇ, ಬಾಕಿ ಹಾಗಲ್ಲ: ಆರು ಕಂತು ಸೇರಿದರೆ 3,462 ರೂಪಾಯಿ, ಮೇಲೆ ದಂಡ. ಖಾತೆಗೆ ದುಡ್ಡು ಬಿದ್ದ ದಿನ ಅದು ಒಟ್ಟಿಗೆ ಕಡಿತವಾಗಿ ಮನೆ ಬಾಡಿಗೆಗೆ ತತ್ವಾರವಾಗಬಹುದು. ಕೆಲಸ ಬದಲಾಗಿ ಹಳೆಯ ಖಾತೆ ಮುಚ್ಚುವ ಮೊದಲು ಆಟೊ ಡೆಬಿಟ್ಟನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. 577 ಭಾರವೆನಿಸಿದರೆ ಬಿಟ್ಟುಬಿಡಬೇಡಿ. ಪಿಂಚಣಿ ಮೊತ್ತವನ್ನು ವರ್ಷಕ್ಕೊಮ್ಮೆ ಇಳಿಸಲೂ ಏರಿಸಲೂ ಅವಕಾಶವಿದೆ.

ಪಿಪಿಎಫ್‌ನಲ್ಲಿ ಎಡವುವುದು 15 ವರ್ಷ ತುಂಬಿದಾಗ. ಒಂದು ವರ್ಷದೊಳಗೆ ನಮೂನೆ 4 ಕೊಟ್ಟರೆ ಐದು ವರ್ಷ ಮುಂದುವರಿಯುತ್ತದೆ, ಆಮೇಲೂ ಪ್ರತಿ ಐದು ವರ್ಷಕ್ಕೆ ಹೀಗೆಯೇ. ನಮೂನೆ ಕೊಡದೆ ಕಟ್ಟುತ್ತಾ ಹೋದರೆ ಆ ಹೊಸ ಹಣಕ್ಕೆ ಬಡ್ಡಿ ಬರುವುದಿಲ್ಲ.