ಕ್ವಾರ್ಟರ್‌ಬ್ಯಾಕ್‌ಗೆ ದೆವ್ವ ಕಂಡ ರಾತ್ರಿ

2019ರ ಅಕ್ಟೋಬರ್ 21. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಪೇಟ್ರಿಯಟ್ಸ್ ಎದುರಾಳಿ. ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಜೊತೆಗಾರರಿಗೆ ಚೆಂಡು ಎಸೆದು ಆಟ ನಡೆಸುವವರು, ಸ್ಯಾಮ್ ಡಾರ್ನಲ್ಡ್. ಅವರಿಗೆ ಆಗ 22 ವರ್ಷ. ಆಟದ ನಡುವೆ ಬೆಂಚಿನಲ್ಲಿ ಕೂತು, "ನನಗೆ ದೆವ್ವಗಳು ಕಾಣ್ತಿವೆ" ಅಂದರು. ಮೈಮೇಲಿದ್ದ ಮೈಕ್ ಆ ಮಾತನ್ನು ಹಿಡಿಯಿತು. ಟೀವಿ ಮುಂದೆ ಕೂತಿದ್ದ ಇಡೀ ದೇಶ ಕೇಳಿತು. ಅವರು ಎಸೆದ 32 ಚೆಂಡುಗಳಲ್ಲಿ ತಮ್ಮವರಿಗೆ ಸಿಕ್ಕಿದ್ದು 11. ನಾಲ್ಕು ಚೆಂಡುಗಳು ಎದುರಾಳಿಗಳ ಕೈಗೆ ಹೋದವು. ಜೆಟ್ಸ್ 33-0 ಅಂತರದಲ್ಲಿ ಸೋತಿತು.

ಅಭಿಮಾನಿಗಳು ಎರಡು ಪಾಲಾದರು. ಹುಡುಗನ ಧೈರ್ಯವೇ ಹೋಗಿದೆ, ಆಡಿಸದೆ ಹೊರಗೆ ಕೂರಿಸಿ ಅಂದರು ಕೆಲವರು. ನುಗ್ಗುವವರನ್ನು ತಡೆದು ಅವನನ್ನು ಕಾಯೋರೇ ಇಲ್ಲದಿದ್ದರೆ ಅವನಾದರೂ ಏನು ಮಾಡ್ತಾನೆ ಅಂದರು ಉಳಿದವರು.

ದೆವ್ವ ಕಾಣೋದು ಆ ಆಟದ ಹಳೆಯ ಮಾತು. ಯಾರೂ ಮೇಲೆ ಬೀಳುತ್ತಿಲ್ಲ, ಆದರೂ ಬೀಳುತ್ತಿದ್ದಾರೆ ಅಂತ ಮೈ ನಂಬೋದು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ, ಅಲ್ವಾ?

ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗೋದು ಸುಮಾರು ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ ದೂರ ಓಡುತ್ತಿರುವ ನಾಲ್ಕೈದು ಜನರನ್ನು ನೋಡಿ, ಒಬ್ಬನನ್ನು ಆರಿಸಿ, ಎಸೆಯಬೇಕು. ಎದುರಿಂದ ನೂರು ಕಿಲೋಗೂ ಜಾಸ್ತಿ ತೂಕದವರು ನುಗ್ಗುತ್ತಿರುತ್ತಾರೆ. ಪೇಟ್ರಿಯಟ್ಸ್ ಅಂದು ಮತ್ತೆ ಮತ್ತೆ ಹೆಚ್ಚಿನ ಆಟಗಾರರನ್ನು ನುಗ್ಗಿಸಿತು. ಆತಂಕವಾದಾಗ ನಮ್ಮ ಗಮನ ಅಪಾಯದ ಕಡೆಗೇ ಎಳೆದುಕೊಂಡು ಹೋಗುತ್ತದೆ. ನಾಲ್ಕು ಸಲ ಪೆಟ್ಟು ತಿಂದವನ ಕಣ್ಣು ಐದನೇ ಸಲ ದೂರ ನೋಡೋದು ಬಿಟ್ಟು ಹತ್ತಿರದವರ ಮೇಲೆ ಇಳಿಯುತ್ತದೆ. ದೂರದಲ್ಲಿ ಖಾಲಿ ನಿಂತ ಜೊತೆಗಾರ ಕಾಣೋದೇ ಇಲ್ಲ. ನಾವು ಧೈರ್ಯ ಹೋಯಿತು ಅಂತ ಸುಮ್ನೆ ಹೇಳಿಬಿಡುತ್ತೇವೆ. ನನಗನಿಸುವಂತೆ ಅಲ್ಲಿ ಮೊದಲು ಹೋಗೋದು ನೋಟ.

ಇನ್ನೊಂದು ತೊಂದರೆಯೂ ಇದೆ. ಮನಶ್ಶಾಸ್ತ್ರಜ್ಞೆ ಸಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇದು ನಮಗೆ ಗೊತ್ತಿರುವ ಫುಟ್‌ಬಾಲ್, ಕಾಲಿನಲ್ಲಿ ಆಡುವುದು. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಚೆಂಡು ಒಯ್ಯಬೇಕು. ಜೊತೆಗೆ, ಪಾದದ ಯಾವ ಬದಿ ಚೆಂಡಿಗೆ ತಾಗುತ್ತಿದೆ ಅಂತ ಗಮನಿಸಬೇಕು. ಪಳಗಿದ ಆಟಗಾರರು ಬಲಗಾಲಿನಲ್ಲಿ ನಿಧಾನವಾದರು! ಅಷ್ಟಾಗಿ ಪಳಗದ ಎಡಗಾಲಿಗೆ ಮಾತ್ರ ಅದೇ ಗಮನ ನೆರವಾಯಿತು. ತಾನಾಗೇ ನಡೆಯುವ ಕೆಲಸವನ್ನು ಬಿಡಿಸಿ ನೋಡಲು ಹೋದರೆ ಅದು ತೊಡರುತ್ತದೆ. ಹಾಗಿರುವಾಗ ಸೋಲುತ್ತಿರುವ ಆಟಗಾರನಿಗೆ ನಿನ್ನ ಕೈ ನೋಡು, ಕಾಲು ನೋಡು ಅಂತ ಆಟದ ನಡುವೆ ಹೇಳಿದರೆ ಆಗೋದೇನು?

ಡಾರ್ನಲ್ಡ್ ಆಮೇಲೆ ತಂಡದಿಂದ ತಂಡಕ್ಕೆ ಅಲೆದರು. 2024ರಲ್ಲಿ ಮಿನೆಸೋಟ ವೈಕಿಂಗ್ಸ್ ಸೇರಿದರು. ಒಳ್ಳೆಯ ಜೊತೆಗಾರರು, ಅವರಿಗೆ ಹೊಂದುವ ಯೋಜನೆ. ಅಂಕ ತಂದುಕೊಡುವ ಎಸೆತ, ಅಂದರೆ ಟಚ್‌ಡೌನ್ ಪಾಸ್, 35. ಗೆಲುವು 14. ಆತ್ಮವಿಶ್ವಾಸ ಮರಳಿತು ಅಂದರು ಜನ. ಆದರೆ 2025ರ ಜನವರಿ 13ರಂದು ಪ್ಲೇಆಫ್‌ನಲ್ಲಿ ರಾಮ್ಸ್ ತಂಡ ಅವರನ್ನು ಒಂಬತ್ತು ಸಲ ನೆಲಕ್ಕೆ ಕೆಡವಿತು. ವೈಕಿಂಗ್ಸ್ 27-9 ಸೋತಿತು. ಮತ್ತೆ ಅದೇ ಧೈರ್ಯದ ಮಾತು. ನಾನಾದರೆ ಆ ಆಟದ ವಿಡಿಯೋದಲ್ಲಿ ಮೊದಲು ನೋಡೋದು ಅವರ ಮುಖವನ್ನಲ್ಲ, ಅವರ ಮುಂದೆ ಕಾವಲಿಗೆ ನಿಂತ ಐದು ಜನರನ್ನು.