ತೈಲ ಹುಡುಕಿದವರಿಗೆ ಅನಿಲ ಸಿಕ್ಕಿತು: ಕತಾರ್ ಇಂಧನೋದ್ಯಮದ ಹಿನ್ನೆಲೆ

ಬ್ರಿಟಿಷರ ರಕ್ಷಣೆಯಿಂದ ಹೊರಬಂದು ಕತಾರ್ ಸ್ವತಂತ್ರವಾದ 1971ರಲ್ಲೇ ಶೆಲ್ ಕಂಪನಿಯು ಆ ದೇಶದ ಈಶಾನ್ಯ ಕಡಲಿನಲ್ಲಿ ತೈಲಕ್ಕಾಗಿ ಬಾವಿ ಕೊರೆದು, ತೈಲದ ಬದಲು ಅನಿಲವನ್ನು ಕಂಡಿತು. ಸುಮಾರು 6,000 ಚದರ ಕಿಲೋಮೀಟರ್ ಹರಡಿರುವ ಆ ನಾರ್ತ್ ಫೀಲ್ಡ್, ಗಡಿಯಾಚೆ ಇರಾನಿನ ಸೌತ್ ಪಾರ್ಸ್ ಜೊತೆ ಸೇರಿದರೆ, ಜಗತ್ತಿನ ಅತಿ ದೊಡ್ಡ ಅನಿಲ ನಿಕ್ಷೇಪ. ಆದರೆ ಆ ಹೊತ್ತಿಗೆ ಅದು ನಿರಾಸೆಯ ಸುದ್ದಿಯೇ ಆಗಿತ್ತು. ತೈಲವನ್ನು ಹಡಗಿಗೆ ತುಂಬಿ ಸಿಕ್ಕ ಬಂದರಿನಲ್ಲಿ ಮಾರಬಹುದು; ಅನಿಲಕ್ಕೆ ಕೊಳವೆ ಬೇಕು, ಕೊಳವೆಯ ಆ ತುದಿಯಲ್ಲಿ ಕೊಳ್ಳುವವರೂ ಬೇಕು.

ಅದುವರೆಗೆ ಕತಾರ್ ಬದುಕಿದ್ದು ಮೊದಲು ಮುತ್ತಿನಿಂದ, ಆಮೇಲೆ ತೈಲದಿಂದ. ಜಪಾನಿನ ಕೃಷಿ ಮುತ್ತು (ಚಿಪ್ಪುಗಳಲ್ಲಿ ಬೆಳೆಸಿದ ಮುತ್ತು) ಮತ್ತು 1929ರ ನಂತರದ ಆರ್ಥಿಕ ಕುಸಿತ ಸೇರಿ ಮುತ್ತಿನ ವ್ಯಾಪಾರವನ್ನು ಮುಳುಗಿಸಿದ್ದವು. 1935ರಲ್ಲಿ ಕತಾರ್‌ನ ಆಡಳಿತಗಾರ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅಲ್ ಥಾನಿ ಅವರು ಆಂಗ್ಲೋ-ಪರ್ಷಿಯನ್ ಕಂಪನಿಗೆ ತೈಲ ಹುಡುಕುವ ಹಕ್ಕನ್ನು 75 ವರ್ಷಗಳ ಅವಧಿಗೆ ಕೊಟ್ಟರು. ದುಖಾನ್‌ನಲ್ಲಿ ತೈಲ ಸಿಕ್ಕಿತಾದರೂ ಎರಡನೆಯ ಮಹಾಯುದ್ಧದ ಕಾರಣ ಬಾವಿಗಳನ್ನು ಮುಚ್ಚಬೇಕಾಯಿತು. ಕೈಗೆಟುಕಿದ ಸಂಪತ್ತು ಮಣ್ಣಿನಡಿಯಲ್ಲೇ ಉಳಿದ ಆ ವರ್ಷಗಳಲ್ಲಿ ಹಲವರು ಊರು ಬಿಟ್ಟರು. ಮೊದಲ ರಫ್ತು ಹೊರಟದ್ದು 1949ರ ಡಿಸೆಂಬರಿನಲ್ಲಿ. 1974ರಲ್ಲಿ ಸರ್ಕಾರಿ ತೈಲ ಸಂಸ್ಥೆ ಹುಟ್ಟಿತು, 1977ರ ವೇಳೆಗೆ ಉದ್ಯಮ ಪೂರ್ತಿ ಸರ್ಕಾರದ ಕೈಗೆ ಬಂತು.

ಅನಿಲದ ಕಥೆ ಇಷ್ಟು ನೇರವಲ್ಲ. ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ದ್ರವವಾಗಿ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಆಗ ಹಡಗಿನಲ್ಲಿ ಸಾಗಿಸಬಹುದು. ತಂತ್ರಜ್ಞಾನ ಹೊಸದೇನಲ್ಲ, ಕಷ್ಟವಿದ್ದದ್ದು ಹಣದಲ್ಲಿ. ಸ್ಥಾವರ, ಬಂದರು, ವಿಶೇಷ ಹಡಗುಗಳಿಗೆ ಬೇಕಾದ ಸಾಲ ಹುಟ್ಟಬೇಕಾದರೆ, ಒಂದು ಹನಿ ದ್ರವ ತಯಾರಾಗುವ ಮೊದಲೇ ಇಪ್ಪತ್ತು, ಇಪ್ಪತ್ತೈದು ವರ್ಷ ಕೊಳ್ಳುತ್ತೇವೆಂದು ಸಹಿ ಹಾಕುವ ಗಿರಾಕಿ ಬೇಕು. 1984ರಲ್ಲಿ ಅನಿಲವನ್ನು ದ್ರವವಾಗಿಸಿ ಮಾರಲೆಂದು ಕತಾರ್‌ಗ್ಯಾಸ್ ಕಂಪನಿ ಸ್ಥಾಪನೆಯಾದಾಗ ಕೊಲ್ಲಿಯಲ್ಲಿ ಇರಾನ್-ಇರಾಕ್ ಯುದ್ಧ ನಡೆದಿತ್ತು, ಟ್ಯಾಂಕರ್‌ಗಳ ಮೇಲೆ ದಾಳಿಯಾಗುತ್ತಿತ್ತು. 1986ರಲ್ಲಿ ತೈಲದ ಬೆಲೆಯೂ ಕುಸಿಯಿತು. 1992ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಯೋಜನೆಯಿಂದ ಹಿಂದೆ ಸರಿಯಿತು. ಆ ಜಾಗಕ್ಕೆ ಅಮೆರಿಕದ ಮೊಬಿಲ್ ಬಂತು, ಜಪಾನಿನ ಚುಬು ಎಲೆಕ್ಟ್ರಿಕ್ ಕೊಳ್ಳಲು ಒಪ್ಪಿತು. ಮೊದಲ ಹಡಗು ಕತಾರ್‌ನ ರಾಸ್ ಲಫಾನ್ ಬಂದರಿನಿಂದ ಜಪಾನಿಗೆ ಹೊರಟದ್ದು 1996ರ ಕೊನೆಯಲ್ಲಿ. ಮುತ್ತಿನ ಸಂತೆಯನ್ನು ಕಸಿದ ದೇಶವೇ ಅನಿಲದ ಮೊದಲ ಗಿರಾಕಿಯಾದದ್ದು ಇತಿಹಾಸದ ವಿಚಿತ್ರ.

1995ರಲ್ಲಿ ತಂದೆಯನ್ನು ಪದಚ್ಯುತಗೊಳಿಸಿ ಅಧಿಕಾರಕ್ಕೆ ಬಂದ ಶೇಖ್ ಹಮದ್ ಅವರು ಭಾರಿ ಸಾಲದ ಬಲದಿಂದ ಸ್ಥಾವರಗಳನ್ನು ಒಂದರ ಹಿಂದೆ ಒಂದರಂತೆ ಕಟ್ಟಿಸಿದರು. ಈ ಧೈರ್ಯಕ್ಕೆ ಹೆಚ್ಚಾಗಿ ಚರ್ಚೆಯಾಗದ ಒಂದು ಆಧಾರವಿತ್ತು: ನಾರ್ತ್ ಫೀಲ್ಡ್‌ನ ಅನಿಲದ ಜೊತೆ ಕಂಡೆನ್ಸೇಟ್ ಎಂಬ ಹಗುರ ತೈಲವೂ ಬರುತ್ತದೆ, ಅದರ ಮಾರಾಟವೇ ವೆಚ್ಚದ ದೊಡ್ಡ ಪಾಲನ್ನು ತುಂಬುತ್ತದೆ. 2010ರ ಕೊನೆಗೆ ವಾರ್ಷಿಕ ಉತ್ಪಾದನಾ ಸಾಮರ್ಥ್ಯ 7.7 ಕೋಟಿ ಟನ್ ಮುಟ್ಟಿತು.

ಭಾರತದ ಅನಿಲ ಆಮದು ಕಂಪನಿ ಪೆಟ್ರೋನೆಟ್ 1999ರಲ್ಲಿ ವರ್ಷಕ್ಕೆ 75 ಲಕ್ಷ ಟನ್‌ಗೆ ಒಪ್ಪಂದ ಮಾಡಿಕೊಂಡು, 2004ರಿಂದ ಗುಜರಾತಿನ ದಹೇಜ್‌ನಲ್ಲಿ ಅನಿಲವನ್ನು ಇಳಿಸಿಕೊಳ್ಳತೊಡಗಿತು. ದೀರ್ಘ ಒಪ್ಪಂದದ ಬಿಗಿ ಎಷ್ಟೆಂಬುದು 2015ರಲ್ಲಿ ಕಂಡಿತು. ಮಾರುಕಟ್ಟೆಯಲ್ಲಿ ಬೆಲೆ ಇಳಿದಾಗ ಪೆಟ್ರೋನೆಟ್ ಒಪ್ಪಿದ್ದಕ್ಕಿಂತ ಕಡಿಮೆ ಅನಿಲ ತೆಗೆದುಕೊಂಡು ಸುಮಾರು 12,000 ಕೋಟಿ ರೂಪಾಯಿ ದಂಡಕ್ಕೆ ಗುರಿಯಾಯಿತು. ಕತಾರ್ ದಂಡವನ್ನು ಮನ್ನಾ ಮಾಡಿ ಬೆಲೆ ಸೂತ್ರವನ್ನೂ ಬದಲಿಸಿತು. ಗಿರಾಕಿ ಕೈತಪ್ಪದಿರಲೆಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿರಬೇಕು. 2024ರ ಫೆಬ್ರವರಿಯಲ್ಲಿ ಒಪ್ಪಂದ 2048ರವರೆಗೆ ಮುಂದುವರಿಯಿತು.

ನಿಕ್ಷೇಪದ ಅಧ್ಯಯನಕ್ಕೆಂದು 2005ರಲ್ಲಿ ಹೊಸ ಯೋಜನೆಗಳಿಗೆ ಹಾಕಿದ್ದ ತಡೆಯನ್ನು ಕತಾರ್ 2017ರ ಏಪ್ರಿಲ್‌ನಲ್ಲಿ ತೆಗೆಯಿತು. ಎರಡೇ ತಿಂಗಳಲ್ಲಿ ಸೌದಿ ಅರೇಬಿಯಾ, ಯುಎಇ, ಬಹ್ರೇನ್, ಈಜಿಪ್ಟ್ ಅದರ ಮೇಲೆ ದಿಗ್ಬಂಧನ ಹೇರಿದವು. ಆದರೂ ಯುಎಇಗೆ ಹೋಗುವ ಡಾಲ್ಫಿನ್ ಕೊಳವೆಯಲ್ಲಿ ಕತಾರ್‌ನ ಅನಿಲ ಹರಿಯುತ್ತಲೇ ಇತ್ತು. 1961ರಲ್ಲಿ ಸೇರಿದ್ದ, ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಅನ್ನು ಕತಾರ್ 2019ರ ಜನವರಿಯಲ್ಲಿ ತೊರೆಯಿತು.